ಮಂಡಿ ಆಪರೇಷನ್: ಹಾಸನದಲ್ಲೇ ಮಾಡಿಸುವುದಾ, ಬೆಂಗಳೂರಿಗೆ ಹೋಗುವುದಾ?

ಬೇಲೂರು_ತೋಟ
ಅಮ್ಮನಿಗೆ 66 ವರ್ಷ, ಎರಡೂ ಮಂಡಿ ಸವೆದಿವೆ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ. ಕೀಲು ಬದಲಾಯಿಸಲೇಬೇಕಂತೆ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೇಟು ಕಮ್ಮಿ, ಆದರೆ ಸರ್ಜನ್ ಹೊರಗಿನಿಂದ ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾರೆ. ಬೆಂಗಳೂರಿನಲ್ಲಿ ಇದೇ ಆಪರೇಷನ್ ದಿನಾ ಮಾಡುವವರಿದ್ದಾರೆ, ಖರ್ಚು ಜಾಸ್ತಿ. ಜಾಸ್ತಿ ಮಾಡುವ ಕಡೆ ನಿಜವಾಗಲೂ ಚೆನ್ನಾಗಿ ಆಗುತ್ತದಾ, ಇಲ್ಲಾ ಸುಮ್ನೆ ಹೆಸರಿಗೆ ದುಡ್ಡಾ?

ಚಿಕ್ಕಮಗಳೂರು_ಓಟಿ
ನಾನು ಓಟಿ (ಆಪರೇಷನ್ ಥಿಯೇಟರ್) ನರ್ಸ್. ವ್ಯತ್ಯಾಸ ಇದೆ, ಮತ್ತೆ ಅದು ಸರ್ಜನ್ ಕೈ ಒಂದರದ್ದೇ ಅಲ್ಲ. ವಾರವಾರ ಮಂಡಿ ಮಾಡುವ ಓಟಿಯಲ್ಲಿ ಸರ್ಜನ್ ಕೇಳುವ ಮೊದಲೇ ಸರಿಯಾದ ಸೈಜಿನ ಟ್ರಯಲ್ (ಅಳತೆ ನೋಡಲು ಇಡುವ ಮಾದರಿ ಕೀಲು) ಟ್ರೇಯಲ್ಲಿ ರೆಡಿ ಇರುತ್ತದೆ. ಅಪರೂಪಕ್ಕೆ ಮಾಡುವ ಕಡೆ ಪೆಟ್ಟಿಗೆ ತೆಗೆದು ಸೈಜು ಹುಡುಕುತ್ತಾ ನಿಲ್ಲುತ್ತೇವೆ, ಅಷ್ಟು ಹೊತ್ತೂ ಗಾಯ ತೆರೆದೇ ಇರುತ್ತದೆ. ಸಮಯ ಎಳೆದಷ್ಟೂ ಸೋಂಕಿನ ಭಯ ಜಾಸ್ತಿ. ಸೋಂಕು ಒಳಗೆ ಇಳಿದರೆ ಹಾಕಿದ ಕೀಲನ್ನೇ ತೆಗೆದು ಮತ್ತೆ ಹಾಕಬೇಕಾಗಬಹುದು, ಆಗ ಮೊದಲು ಉಳಿಸಿದ ದುಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅರಸೀಕೆರೆ_ದಾಖಲೆ
ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ನನ್ನದು, ಈ ವಿಷಯ ತುಂಬಾ ಓದಿದ್ದೇನೆ. ಅಮೆರಿಕದಲ್ಲಿ 1979ರಿಂದಲೇ ಇದರ ಮೇಲೆ ಅಧ್ಯಯನ ಆಗಿದೆ. 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಮೇದೋಜೀರಕ ಗ್ರಂಥಿಯ ಆಪರೇಷನ್ ತೀರಾ ಕಮ್ಮಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ತುಂಬಾ ಮಾಡುವ ಕಡೆ ಶೇ. 3.8. ಅದೇ ಕುತ್ತಿಗೆಯ ರಕ್ತನಾಳದ ಆಪರೇಷನ್ನಿಗೆ 1.7 ಮತ್ತು 1.5 ಅಷ್ಟೇ. ಅಂದರೆ ಎಲ್ಲಾ ಆಪರೇಷನ್ನಿಗೂ ಒಂದೇ ಮಾತು ಹೇಳಲು ಆಗುವುದಿಲ್ಲ.

ಇನ್ನೊಂದು. ಸಂಖ್ಯೆ ದೊಡ್ಡದಿದ್ದರೆ ಸಾಲದು, ಬೇಡದವರಿಗೂ ಆಪರೇಷನ್ ಮಾಡಿ ಸಂಖ್ಯೆ ಬೆಳೆಸಬಹುದು, ಅಲ್ವಾ? ಆಮೇಲೆ ಏನಾಯಿತು ಅನ್ನುವ ಲೆಕ್ಕ ಬೇಕು. ಸ್ವೀಡನ್ ದೇಶದಲ್ಲಿ 1975ರಿಂದ ಮಂಡಿ ಕೀಲುಗಳ ರಾಷ್ಟ್ರೀಯ ದಾಖಲೆ ಇದೆ: ಯಾವ ಕೀಲು ಹಾಕಿದರು, ಎಷ್ಟು ವರ್ಷಕ್ಕೆ ಮತ್ತೆ ಆಪರೇಷನ್ ಬೇಕಾಯಿತು, ಎಲ್ಲಾ ಸಿಗುತ್ತದೆ. ನಮ್ಮ ಊರಿನ ಆಸ್ಪತ್ರೆಗಳೂ ಇಷ್ಟು ಬರೆದಿಟ್ಟು ಜನರಿಗೆ ತೋರಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ತೋರಿಸುವಾಗ ರೋಗಿಯ ವಯಸ್ಸು, ಶುಗರ್ ಎಲ್ಲಾ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಕಷ್ಟದ ಕೇಸು ತೆಗೆದುಕೊಳ್ಳುವ ಡಾಕ್ಟರಿಗೇ ಕೆಟ್ಟ ಹೆಸರು ಬರುತ್ತದೆ.

ಬೇಲೂರು_ತೋಟ
ಹಾಗಾದರೆ ಏನು ಕೇಳಲಿ? ಡಾಕ್ಟರಿಗೆ ಬೇಜಾರಾಗುವುದಿಲ್ಲವಾ?

ಅರಸೀಕೆರೆ_ದಾಖಲೆ
ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಳೆದ ವರ್ಷ ನೀವೇ ಎಷ್ಟು ಮಂಡಿ ಮಾಡಿದಿರಿ, ಈ ಓಟಿಯಲ್ಲಿ ಎಷ್ಟು, ಎಷ್ಟು ಜನಕ್ಕೆ ಸೋಂಕಾಯಿತು, ಎಷ್ಟು ಜನ ಮತ್ತೆ ಓಟಿಗೆ ಬಂದರು ಅಂತ ಕೇಳಿ. ಕೀಲಿನ ಬೆಲೆಗೆ 2017ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಲು ಹೇಳಿ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲೂ ಒಮ್ಮೆ ವಿಚಾರಿಸಿ.

ಸಕಲೇಶಪುರ_ಮಳೆ
ನಮ್ಮ ಮಾವನಿಗೆ ಬೆಂಗಳೂರಿನಲ್ಲೇ ಮಾಡಿಸಿದೆವು, ಆಪರೇಷನ್ ಚೆನ್ನಾಗಿ ಆಯಿತು. ಆದರೆ ಊರಿಗೆ ಬಂದ ಮೇಲೆ ಫಿಸಿಯೋ ಮಾಡಿಸುವವರು ಸಿಗದೆ ಮಂಡಿ ಬಿಗಿಯಿತು, ಕಾಲು ಮಡಚಲು ತಿಂಗಳುಗಟ್ಟಲೆ ಒದ್ದಾಡಿದರು. ಎಲ್ಲೇ ಮಾಡಿಸಿ, ವ್ಯಾಯಾಮ ಯಾರು ಮಾಡಿಸುತ್ತಾರೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಹಾಸನದ್ದೇ ಆದರೆ ಇನ್ನೊಂದು ಮಾತು ಕೇಳಿ: ಸರ್ಜನ್ ವಾಪಸ್ ಹೋದ ಮೇಲೆ ರಾತ್ರಿ ಜ್ವರ ಬಂದು ಗಾಯದಿಂದ ನೀರು ಸೋರಿದರೆ ಬಂದು ನೋಡುವವರು ಯಾರು?