ಔಷಧಿ ಅಂಗಡಿಯವರು ಕೊಟ್ಟ ಮೊಡವೆ ಕ್ರೀಮ್ ಮುಂದುವರಿಸಬಹುದೇ?

ಕೇಳಿದವರು: ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ಕೆನ್ನೆ, ಹಣೆಯ ತುಂಬ ಕೀವು ಕಟ್ಟಿದ ಮೊಡವೆಗಳು. ಮೈಯ ಉಷ್ಣ ಎಂದು ನಮ್ಮ ಅತ್ತೆಯವರು ದಿನವೂ ಎಳನೀರು ಕೊಡುತ್ತಿದ್ದಾರೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಕ್ರೀಮ್ ಹಚ್ಚಿದ ನಾಲ್ಕೇ ದಿನಕ್ಕೆ ಮುಖ ತಿಳಿಯಾಗಿದೆ. ಮುಂದುವರಿಸಲೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಅಕ್ಕಾ, ನಾಲ್ಕೇ ದಿನ ಎಂದಿರಲ್ಲ, ನನಗೆ ಭಯವಾಗುವುದು ಅದಕ್ಕೇ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಪದವಿ ಓದುವಾಗ ನಾನು ಅಂಥದ್ದನ್ನು ಎಂಟು ತಿಂಗಳು ಹಚ್ಚಿದೆ. ಸ್ಟೀರಾಯ್ಡ್ ಕೆಂಪು, ಊತಗಳನ್ನು ಅಡಗಿಸುತ್ತದೆಯೇ ಹೊರತು ಮೊಡವೆಯನ್ನು ಗುಣಪಡಿಸುವುದಿಲ್ಲ. ಬಿಟ್ಟ ಒಂದೇ ವಾರದಲ್ಲಿ ಮೊಡವೆಗಳು ಮೊದಲಿಗಿಂತ ಹೆಚ್ಚಾಗಿ ಎದ್ದವು. ಚರ್ಮ ತೆಳುವಾಗಿ ಕೆನ್ನೆಯ ರಕ್ತನಾಳಗಳು ಕಾಣತೊಡಗಿದವು, ಬಿಸಿಲಿಗೆ ಮುಖ ಉರಿಯುತ್ತಿತ್ತು. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆಲ್ಲ ಸಿಗುತ್ತಿರುವುದು ಅನ್ಯಾಯ.

ಎಳನೀರು ಕುಡಿಯಲಿ, ತೊಂದರೆಯಿಲ್ಲ. ಆದರೆ ಕಾರಣ ಉಷ್ಣವಲ್ಲ. ಹರೆಯದ ಹಾರ್ಮೋನುಗಳಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಸತ್ತ ಜೀವಕೋಶಗಳೊಂದಿಗೆ ಸೇರಿ ಅದು ರೋಮರಂಧ್ರವನ್ನು ಮುಚ್ಚುತ್ತದೆ, ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಬಾವು ಬರುತ್ತದೆ. ಚರ್ಮರೋಗ ತಜ್ಞರು ನನಗೆ ರಾತ್ರಿಗೆ ಅಡಾಪಲೀನ್ ಜೆಲ್, ಬೆಳಿಗ್ಗೆಗೆ ಶೇ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಬರೆದುಕೊಟ್ಟರು. ಅಡಾಪಲೀನ್ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲ ವಾರಗಳಲ್ಲಿ ಮುಖ ಒಣಗಿ ಸಿಪ್ಪೆ ಏಳುತ್ತದೆ, ಮೊಡವೆ ಹೆಚ್ಚಿದಂತೆಯೂ ಕಾಣುತ್ತದೆ. ನಾನು ಬಿಟ್ಟುಬಿಡುವುದರಲ್ಲಿದ್ದೆ, ಅಮ್ಮ ಬಿಡಗೊಡಲಿಲ್ಲ. ಮೂರನೆಯ ತಿಂಗಳಲ್ಲಿ ವ್ಯತ್ಯಾಸ ಕಂಡಿತು. ಬೆಂಜಾಯ್ಲ್ ಪೆರಾಕ್ಸೈಡ್ ಟವೆಲ್, ದಿಂಬಿನ ಬಟ್ಟೆಗಳ ಬಣ್ಣ ತೆಗೆಯುತ್ತದೆ, ಬಿಳಿಯವನ್ನೇ ಬಳಸಿ. ಹಣೆಗೆ ಇಳಿಯುವಷ್ಟು ತಲೆಗೆ ಎಣ್ಣೆ ಬೇಡ. ನಿಂಬೆರಸವಂತೂ ಬೇಡವೇ ಬೇಡ.

ಎರಡನೆಯ ಉತ್ತರ: ಮೇಡಂ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಮಗಳನ್ನು ಕೇಳಿ. ನನ್ನ ತಂಗಿಗೆ ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು, ಗಲ್ಲದ ಮೇಲೆ ಕೂದಲೂ ಬಂದಿತ್ತು. ಕೊನೆಗೆ ಪಿಸಿಒಎಸ್ ಎಂದು ತಿಳಿಯಿತು, ಅಂದರೆ ಹೆಣ್ಣುಮಕ್ಕಳಲ್ಲಿ ಹಾರ್ಮೋನುಗಳ ಏರುಪೇರಿನ ತೊಂದರೆ; ಮೊಡವೆಗೆ ಅದೂ ಕಾರಣವಾಗಬಹುದು.

ಮೂರನೆಯ ಉತ್ತರ: ನನಗೆ ಬೆನ್ನಿನ ಮೇಲೂ ಗಂಟುಗಂಟಾಗಿ ಬಂದಿತ್ತು. ಐಸೊಟ್ರೆಟಿನಾಯಿನ್ ಮಾತ್ರೆಯಿಂದಲೇ ಹೋಯಿತು. ತುಟಿ ಬಿರಿಯುತ್ತದೆ, ಯಕೃತ್ತು ಮತ್ತು ಕೊಬ್ಬಿನ ಅಂಶಕ್ಕೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುವ ಔಷಧವಿದು. ಯಾರದೋ ಮಾತು ಕೇಳಿ ಹೆಣ್ಣುಮಕ್ಕಳಿಗೆ ತಂದುಕೊಡಬೇಡಿ.

ಕೇಳಿದವರು: ಟ್ಯೂಬ್ ನೋಡಿದೆ, ಕ್ಲೋಬೆಟಸಾಲ್ ಎಂದೇ ಇದೆ. ಇಂದಿನಿಂದ ಹಚ್ಚುವುದಿಲ್ಲ. ಶನಿವಾರ ಚರ್ಮದ ವೈದ್ಯರ ಬಳಿ ಕರೆದೊಯ್ಯುತ್ತೇನೆ, ಟ್ಯೂಬನ್ನೂ ಜೊತೆಗೆ ಒಯ್ಯುತ್ತೇನೆ.