ಜರ್ಮನಿಗೇ ಹೋಗಿ ಅವರ ಸಂಸ್ಕೃತಿ, ಇತಿಹಾಸ ಓದಿದವರು ಇದ್ದೀರೇನು? ಅನುಭವ ಹೇಳ್ರಿ

ನಾನು ಧಾರವಾಡದಾಕಿ. ಈ ವರ್ಷ ಪಿಯುಸಿ ಆರ್ಟ್ಸ್ ಮುಗೀತು, ಜರ್ಮನ್ ಭಾಷಾ ಪರೀಕ್ಷೆ ಬಿ1 (ನಡುವಿನ ಮಟ್ಟ) ಪಾಸಾಗೇನಿ. ಅಲ್ಲೇ ಹೋಗಿ ಅವರ ಸಂಸ್ಕೃತಿ, ಇತಿಹಾಸ, ಸಮಾಜ ಓದಿ ಬಿಎ ಮಾಡಬೇಕಂತ ಭಾಳ ಆಸೆ ಐತಿ. ಅಪ್ಪಾಜಿ "ಎಂಜಿನಿಯರಿಂಗ್‌ಗೆ ಹೋದವರನ್ನ ನೋಡೀನಿ, ಇದನ್ನ ಓದಾಕ ಹೋದವರನ್ನ ನೋಡಿಲ್ಲ" ಅಂತಾರ. ಸೀದಾ ಸೀಟು ಸಿಗ್ತೈತೇನು, ಕ್ಲಾಸಿನ್ಯಾಗ ಏನ್ ಕಲಸ್ತಾರ, ಖರ್ಚು ಎಷ್ಟು? ಹೋಗಿ ಬಂದವರು ದಯವಿಟ್ಟು ಹೇಳ್ರಿ.

ಉತ್ತರ 1

ತಂಗಿ, ನಾನು ಮೈಸೂರಿನವಳು, ಟ್ಯೂಬಿಂಗನ್‌ನಲ್ಲಿ ಬಿಎ ಮಾಡ್ದೆ. ಮೊದ್ಲು ದಾರಿ ಹೇಳ್ತೀನಿ. ಪಿಯುಸಿ ಮಾರ್ಕ್ಸ್ ಎಷ್ಟೇ ಚೆನ್ನಾಗಿದ್ರೂ ಅದೊಂದನ್ನೇ ನೋಡಿ ಸೇರಿಸ್ಕೊಳ್ಳಲ್ಲ. ಒಂದೋ ಅಲ್ಲಿ ಸ್ಟುಡಿಯೆನ್‌ಕೊಲೆಗ್ ಅನ್ನೋ ತಯಾರಿ ಕೋರ್ಸನ್ನ ಎರಡು ಸೆಮಿಸ್ಟರ್ ಓದಿ ಪರೀಕ್ಷೆ ಪಾಸಾಗ್ಬೇಕು, ನಿನ್ನ ಸಬ್ಜೆಕ್ಟಿಗೆ ಅದ್ರಲ್ಲಿ ಜಿ ಕೋರ್ಸ್, ಅಂದ್ರೆ ಆರ್ಟ್ಸ್ ವಿಷಯಗಳದ್ದು. ಇಲ್ಲಾಂದ್ರೆ ಇಲ್ಲೇ ಮಾನ್ಯತೆ ಇರೋ ಯೂನಿವರ್ಸಿಟಿಲಿ ಬಿಎ ಮೊದಲ ವರ್ಷ ಸಂಬಂಧಪಟ್ಟ ವಿಷಯದಲ್ಲೇ ಮುಗಿಸಿ ಆಮೇಲೆ ಅಪ್ಲೈ ಮಾಡ್ಬೇಕು. ನಾನು ಎರಡನೇದು ಮಾಡ್ದೆ, ಬೆಳಿಗ್ಗೆ ಹಿಸ್ಟರಿ ಬಿಎ, ಸಂಜೆ ಜರ್ಮನ್ ಕ್ಲಾಸು. ಒಂದು ವರ್ಷ ಹೋಯ್ತಲ್ಲ ಅಂತ ಆಗ ಅತ್ತಿದ್ದೆ, ಆದ್ರೆ ಜರ್ಮನ್‌ನಲ್ಲಿ ಸಿ1 ಅನ್ನೋ ಮೇಲಿನ ಮಟ್ಟದ ತನಕ ಏರಿದ್ದು ಆ ವರ್ಷದಿಂದಾನೇ, ಬರೀ ಬಿ1 ಇಟ್ಕೊಂಡು ಹೋಗಿದ್ರೆ ಸೆಮಿನಾರಿನಲ್ಲಿ ಬಾಯೇ ಬಿಡೋಕಾಗ್ತಿರಲಿಲ್ಲ. ಯೂನಿವರ್ಸಿಟಿ ಯೂನಿವರ್ಸಿಟಿಗೆ ನಿಯಮ ಬೇರೆ, ಅವ್ರ ಆಫೀಸಿಗೇ ಮೇಲ್ ಮಾಡಿ ಕೇಳು, ನಂಗೆ ಎರಡೇ ದಿನದಲ್ಲಿ ಉತ್ತರ ಬಂದಿತ್ತು.

ಇನ್ನು ಓದು. ನಮ್ಮ ಸಂಸ್ಕೃತಿ ಅಧ್ಯಯನದ ವಿಭಾಗ ಲುಡ್ವಿಗ್ ಊಲಾಂಡ್ ಇನ್‌ಸ್ಟಿಟ್ಯೂಟ್, ಗುಡ್ಡದ ಮೇಲಿನ ಹಳೇ ಕೋಟೆ ಒಳಗೇ ಇದೆ. ಅಲ್ಲಿ ಈ ವಿಷಯಕ್ಕೆ ಹಿಂದೆ ಫೋಕ್ಸ್‌ಕುಂಡೆ ಅಂತಿದ್ರು, ನಮ್ಮ ಜಾನಪದ ಇದ್ದ ಹಾಗೆ. ನಾತ್ಸಿಗಳು ಆ ವಿಷಯವನ್ನ ತಮ್ಮ ಜನಾಂಗದ ಹೆಮ್ಮೆಗೆ ಬಳಸ್ಕೊಂಡ್ರು, ಎಷ್ಟೋ ಮೇಷ್ಟ್ರುಗಳು ಖುಷಿಯಿಂದಲೇ ಜೊತೆಗೆ ನಿಂತ್ರು. ಯುದ್ಧ ಮುಗಿದ ಮೇಲೆ ನಮ್ಮ ವಿಭಾಗದ ಪ್ರೊಫೆಸರ್ ಹರ್ಮನ್ ಬೌಸಿಂಗರ್ ಮತ್ತೆ ಅವರ ವಿದ್ಯಾರ್ಥಿಗಳು ನಮ್ಮ ವಿಷಯಾನೇ ಇದಕ್ಕೆ ಹೇಗೆ ಒದಗಿಬಂತು ಅಂತ ಕೆದಕಿ ನೋಡಿ, 1971ರಲ್ಲಿ ಹೆಸರನ್ನೇ ಬದಲಾಯಿಸಿದ್ರು. ಮೊದಲ ಸೆಮಿಸ್ಟರಿನಲ್ಲೇ ಇದನ್ನ ಓದಿಸ್ತಾರೆ. ತಮ್ಮ ಗುರುಗಳ ಗುರುಗಳು ಏನು ಬರೆದಿದ್ರು ಅನ್ನೋದನ್ನ ಎದುರಿಗೆ ಇಟ್ಕೊಂಡು ಮಾತಾಡೋ ಕ್ಲಾಸನ್ನ ನಾನು ಅಲ್ಲಿ ತನಕ ನೋಡಿರಲೇ ಇಲ್ಲ.

ಮತ್ತೆ ಎಲ್ಲಾ ದೊಡ್ಡ ವಿಷಯಗಳೇ ಅಂದ್ಕೋಬೇಡ. ನನ್ನ ಮೊದಲ ಫೀಲ್ಡ್ ವರ್ಕ್ ಮೆಟ್ಟಿಲು ಗುಡಿಸೋದರ ಬಗ್ಗೆ! ಆ ಕಡೆ ಕೇರ್‌ವೋಖೆ ಅಂತ ಇದೆ, ವಾರಕ್ಕೊಂದು ಮನೆಯವರು ಬಿಲ್ಡಿಂಗಿನ ಮೆಟ್ಟಿಲು, ಎದುರಿನ ಫುಟ್‌ಪಾತು ಗುಡಿಸ್ಬೇಕು, ಸರದಿ ಬಂದವರ ಬಾಗಿಲಿಗೆ ಒಂದು ಬೋರ್ಡು ನೇತಾಕ್ತಾರೆ. ಕೆಳಗಿನ ಮನೆ ಅಜ್ಜಿ ಹತ್ರ ಮೂರು ಸಂಜೆ ಕೂತು ಕೇಳಿದೆ, ಯಾರು ಗುಡಿಸಲ್ಲ ಅಂತ ಬೈತಾರೆ, ಹೊರಗಿಂದ ಬಂದವರ ಬಗ್ಗೆ ಏನಂತಾರೆ, ಎಲ್ಲಾ ಆ ಪೊರಕೆ ಮಾತಲ್ಲೇ ಬಂತು. ನಮ್ಮಮ್ಮ ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋದು, ಪಕ್ಕದ ಮನೆಯವರು ಇಡದಿದ್ರೆ ಬರೋ ಮಾತು, ಅದೂ ನೆನಪಾಯ್ತು. ಆದ್ರೆ 15 ಪುಟ ಬರೆದು ಕೊಟ್ಟಾಗ ಮೇಷ್ಟ್ರು ವಾಪಸ್ ಕೊಟ್ರು, "ಮಾಹಿತಿ ಇದೆ, ನಿನ್ನ ಪ್ರಶ್ನೆ ಎಲ್ಲಿ?" ಅಂದ್ರು. ನಾವು ನೋಟ್ಸ್ ಓದಿ ಬರೆದು ಅಭ್ಯಾಸ ಆದವರು, ಒಂದು ಪ್ರಶ್ನೆ ಇಟ್ಕೊಂಡು ಬರೆಯೋದು ಕಲಿಯೋಕೆ ನಂಗೆ ಪೂರ್ತಿ ಒಂದು ವರ್ಷ ಹಿಡೀತು. ಈಗಿಂದಲೇ ಅಭ್ಯಾಸ ಮಾಡ್ಕೋ, ಒಂದು ಪುಟವಾದ್ರೂ ಸರಿ.

ಇನ್ನೊಂದು. ನಿಮ್ಮೂರಲ್ಲಿ ಕಿಟೆಲ್ ಕಾಲೇಜ್ ಇದೆಯಲ್ಲ, 1894ರ ಕನ್ನಡ ಇಂಗ್ಲಿಷ್ ನಿಘಂಟಿನ ಆ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಟ್ಯೂಬಿಂಗನ್‌ನಲ್ಲೇ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ ಮೋಗ್ಲಿಂಗ್ ಅವರಿಗೆ ಡಾಕ್ಟರೇಟ್ ಕೊಟ್ಟಿದ್ದೂ ಅದೇ ಟ್ಯೂಬಿಂಗನ್ ಯೂನಿವರ್ಸಿಟಿ. ನಾನು ಕೊನೇ ವರ್ಷದ ಪ್ರಬಂಧ ಬಾಸೆಲ್ ಮಿಶನ್‌ನವರು ಕರ್ನಾಟಕದಿಂದ ಬರೆದ ವರದಿಗಳ ಮೇಲೆ ಮಾಡ್ದೆ, ಆರ್ಕೈವ್ ಇರೋದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ರೈಲಲ್ಲಿ ಹೋಗ್ಬಹುದು. ಅವ್ರ ಕೈಬರಹ ಕುರೆಂಟ್ ಅನ್ನೋ ಹಳೇ ಲಿಪಿ, ಅದನ್ನ ಕಲಿಯೋಕೆ ಎರಡು ತಿಂಗಳು ಬೇಕಾಯ್ತು, ಆದ್ರೆ ಮಧ್ಯೆ ಮಧ್ಯೆ ಬರೋ ಕನ್ನಡ ಪದ ಕ್ಲಾಸಲ್ಲಿ ನನಗೊಬ್ಬಳಿಗೇ ಗೊತ್ತಾಗ್ತಿತ್ತು. ನಿನ್ನ ಕನ್ನಡ ಅಲ್ಲಿ ನಿನ್ನ ಆಸ್ತಿ, ಬಿಡಬೇಡ.

ಉತ್ತರ 2

ಹಾಸನದಿಂದ ಬರೀತಿದ್ದೀನಿ, ನನ್ನ ಮಗ ಅಲ್ಲಿ ಇತಿಹಾಸ ಓದ್ತಿದ್ದಾನೆ. ಮಗಳೇ, ದುಡ್ಡಿನ ವಿಷಯ ನಿಮ್ಮಪ್ಪನಿಗೆ ತೋರಿಸು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸ್ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ಯೂರೋ ವಂತಿಗೆ ಅಷ್ಟೇ. ಆದ್ರೆ ಟ್ಯೂಬಿಂಗನ್ ಇರೋ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ, ಇದನ್ನ ಯಾರೂ ಮೊದಲೇ ಹೇಳಲ್ಲ. ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ 11,904 ಯೂರೋ ಇಡಬೇಕು, ಅದು ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಓದೋರಿಗೇ ವಾಪಸ್ ಸಿಗುತ್ತೆ. ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ, ಅದಕ್ಕೆ 18 ಸಾವಿರ ರೂಪಾಯಿ ಕಟ್ಟಿದೆವು, ಬರೋದು ತಡ ಆಗ್ಬಹುದು, ಅದನ್ನೇ ಮೊದಲು ಮಾಡಿಸು. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು ಅಂತ ಇದೆ, ಆದ್ರೆ ಆ ಭರವಸೆ ಮೇಲೆ ಲೆಕ್ಕ ಹಾಕಬೇಡಿ, ಪರೀಕ್ಷೆ ತಿಂಗಳಲ್ಲಿ ಕೆಲಸಕ್ಕೆ ಹೋಗೋಕಾಗಲ್ಲ. ನಮಗೆ ಒಂದು ಕನ್ಸಲ್ಟೆನ್ಸಿಯವರು "ಆರ್ಟ್ಸಿಗೆ ಸರ್ಕಾರಿ ಸೀಟೇ ಇಲ್ಲ" ಅಂತ ಸುಳ್ಳು ಹೇಳಿ ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟಿಸೋಕೆ ನೋಡಿದ್ರು. ಮಗ ತಾನೇ ಕೂತು ಅಪ್ಲೈ ಮಾಡಿದ, ಸೀಟು ಬಂತು.

ಉತ್ತರ 3

ನಾನು ಮಂಗಳೂರು, ಲೈಪ್ಜಿಗ್‌ನಲ್ಲಿ ಒಂದು ಸೆಮಿಸ್ಟರ್ ಇದ್ದೆ. ಮೇಲಿನ ಅಕ್ಕ ಹೇಳಿದ್ದು ಸರಿ ಉಂಟು, ಆದ್ರೆ ನಾನು ಜರ್ಮನಿಯ ಪೂರ್ವದ ಕಡೆ ಹೋಗಿ ಅಂತಲೇ ಹೇಳ್ತೇನೆ. ಫೀಸಿಲ್ಲ ಅಂತ ಮಾತ್ರ ಅಲ್ಲ. ಅಲ್ಲಿ 40 ವರ್ಷ ಬೇರೆಯೇ ಒಂದು ದೇಶ ಇತ್ತು ಅಲ್ವಾ, ಅದು ಜನರ ಮನೆಯೊಳಗೆ ಇನ್ನೂ ಉಂಟು. 1989ರ ಅಕ್ಟೋಬರ್ 9ಕ್ಕೆ ಸುಮಾರು 70 ಸಾವಿರ ಜನ ಲೈಪ್ಜಿಗ್ ರಸ್ತೆಗೆ ಇಳಿದದ್ದು, ಗುಂಡು ಹಾರಿಸ್ತಾರಾ ಇಲ್ವಾ ಅಂತ ಗೊತ್ತಿಲ್ಲದೆ. ಬರ್ಲಿನ್ ಗೋಡೆ ಬಿದ್ದದ್ದು ಅದಾಗಿ ಸರಿಯಾಗಿ ಒಂದು ತಿಂಗಳಿಗೆ. ನಾನಿದ್ದ ಮನೆಯ ಓನರ್ ಆಂಟಿ ಆ ರಾತ್ರಿ ಮಗುವನ್ನು ಅಮ್ಮನ ಹತ್ರ ಬಿಟ್ಟು ಹೋಗಿದ್ದರಂತೆ. ಅದೇ ಆಂಟಿ ಮಾರನೇ ವರ್ಷ ಫ್ಯಾಕ್ಟರಿ ಮುಚ್ಚಿ ಕೆಲಸ ಕಳ್ಕೊಂಡವರು. ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಿದ್ರು, ಒಂದು ಹೇಳಿ ಇನ್ನೊಂದು ಬಿಡ್ತಿರ್ಲಿಲ್ಲ. ಪುಸ್ತಕದಲ್ಲಿ ನಾನು ಮೊದಲನೇದು ಮಾತ್ರ ಓದಿದ್ದೆ. ಮತ್ತೆ ವಿಯೆಟ್ನಾಂ, ಮೊಜಾಂಬಿಕ್‌ನಿಂದ ಕರ್ಕೊಂಡು ಬಂದ ಕೆಲಸಗಾರರ ಕತೆ ಉಂಟು, ಅದನ್ನೂ ಕೇಳಿ. ಕೆಲವು ಊರುಗಳಲ್ಲಿ ನಮ್ಮ ಬಣ್ಣ ನೋಡಿ ಮಾತಾಡುವವರೂ ಇದ್ದಾರೆ, ಟ್ರಾಮಿನಲ್ಲಿ ನನಗೇ ಎರಡು ಸಲ ಆಯ್ತು, ಹೇಳದೆ ಇರುವುದು ಸರಿಯಲ್ಲ.

ಕೇಳಿದಾಕಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಅಪ್ಪಾಜಿಗೆ ಪೂರಾ ಓದಿ ಹೇಳಿದೆ, ಇಲ್ಲೇ ಒಂದು ವರ್ಷ ಬಿಎ ಓದೋದಕ್ಕ ಹೂಂ ಅಂದಾರ. ಅಕ್ಕಾರ, ಮುಂದ ಕೆಲಸದ್ದು ಹೆಂಗ ಅಂತ ಕೇಳಾಕತ್ತಾರ.

ಉತ್ತರ 1

ಡಿಗ್ರಿ ಆದ್ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಅಲ್ಲೇ ಇರ್ಬಹುದು. ಆದ್ರೆ ಎಂಜಿನಿಯರುಗಳ ಹಾಗೆ ಕಂಪನಿಗಳು ಕಾಯ್ತಿರಲ್ಲ ಅಂತ ಅಪ್ಪನಿಗೆ ನೇರವಾಗಿ ಹೇಳು. ನನ್ನ ಬ್ಯಾಚಿನವರು ಮ್ಯೂಸಿಯಂ, ಪ್ರಕಾಶನ, ವಲಸಿಗರ ಜೊತೆ ಕೆಲಸ ಮಾಡೋ ಸಂಸ್ಥೆ ಅಂತ ಹಂಚಿಹೋದ್ರು, ಹೆಚ್ಚಿನವರಿಗೆ ಓದ್ತಿದ್ದಾಗ ಮಾಡಿದ ಇಂಟರ್ನ್‌ಶಿಪ್ಪಿಂದಲೇ ದಾರಿ ಆಯ್ತು. ನಾನು ಈಗ ಬೆಂಗಳೂರಲ್ಲಿ ಅನುವಾದ ಮಾಡ್ತೀನಿ, ಜರ್ಮನ್ ಕಲಿಸ್ತೀನಿ, ನೆಮ್ಮದಿಯಾಗಿದ್ದೀನಿ. ಆ ಒಂದು ವರ್ಷದಲ್ಲಿ ಸಿ1 ಕಡೆ ಗಮನ ಕೊಡು, ಮೋಟಿವೇಶನ್ ಲೆಟರ್ ಜರ್ಮನ್‌ನಲ್ಲೇ ನೀನೇ ಬರಿ, ಬರೆದು ನಂಗೆ ಕಳ್ಸು, ಕೂತು ನೋಡ್ತೀನಿ.