ಅಪ್‌ಡೇಟ್: ಇಸ್ತ್ರಿ ರಾಶಿ ಕರಗಿತು, ಪಾತ್ರೆ ಇನ್ನೂ ಇದೆ

ಕಾಟನ್ ಶರ್ಟಿಗೆ ಇಸ್ತ್ರಿ ಮಾಡೋದು ಅಂದ್ರೆ ಮೈ ಉರಿಯುತ್ತದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ನೀವು ಹೇಳಿದ್ದರಲ್ಲಿ ನಿಜವಾಗಿ ಕೈಹಿಡಿದದ್ದು ಒಂದೇ. ಬಟ್ಟೆ ತುಸು ಹಸಿ ಇರುವಾಗಲೇ ಇಸ್ತ್ರಿ ಮಾಡುವುದು. ಪೂರ್ತಿ ಒಣಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಅರ್ಧ ಗಂಟೆ ಇಡುತ್ತೇನೆ. ತೇವಕ್ಕೆ ಹತ್ತಿಯ ಎಳೆ ಸಡಿಲವಾಗಿ, ಬಿಸಿ ತಾಗಿದೊಡನೆ ಸುಕ್ಕು ಬಿಡುತ್ತದೆ. ಅಜ್ಜಿ ಹೀಗೇ ಮಾಡುತ್ತಿದ್ದರು, ನಾನು ಸುಮ್ನೆ ನಗುತ್ತಿದ್ದೆ!

ಮೊದಲು ಕಡಿಮೆ ಬಿಸಿಯಲ್ಲಿ ಪಾಲಿಯೆಸ್ಟರ್, ಆಮೇಲೆ ಬಿಸಿ ಏರಿಸಿ ಕಾಟನ್. ಪೆಟ್ಟಿಗೆ ಆರಲಿ ಅಂತ ಕಾಯುವುದು ತಪ್ಪಿತು. ಬೆಡ್‌ಶೀಟಿನ ಇಸ್ತ್ರಿ ಬಿಟ್ಟೇಬಿಟ್ಟೆ. ಯಾರು ನೋಡ್ತಾರೆ, ಅಲ್ವಾ?

ತಳ ಹಿಡಿದ ಸ್ಟೀಲ್ ಪಾತ್ರೆಗೆ ನೀರು, ಅಡುಗೆ ಸೋಡಾ ಹಾಕಿ ಕುದಿಸಿದೆ. ಕರಿ ಬಿಟ್ಟಿತು, ನನ್ನ ಸೋಮಾರಿತನ ಬಿಡಲಿಲ್ಲ.